ಕಾರ್ಖಾನೆಗಳ ದೇಶಕ್ಕೆ ಕಡಲಾಚೆಯ ನೆಲ ಏಕೆ ಬೇಕಾಯಿತು?

1899ರ ಫೆಬ್ರುವರಿ 6ರಂದು ಅಮೆರಿಕದ ಸೆನೆಟ್ ಪ್ಯಾರಿಸ್ ಒಪ್ಪಂದವನ್ನು ಮತಕ್ಕೆ ಹಾಕಿತು. ಪರವಾಗಿ 57, ವಿರುದ್ಧ 27. ಒಪ್ಪಂದ ಊರ್ಜಿತವಾಗಲು ಮೂರನೇ ಎರಡರಷ್ಟು ಬಹುಮತ ಬೇಕಿತ್ತು. ಬಿದ್ದ ಮತಗಳ ಲೆಕ್ಕದಲ್ಲಿ ಅದು 56. ಬೇಕಾದದ್ದಕ್ಕಿಂತ ಒಂದೇ ಒಂದು ಮತ ಹೆಚ್ಚಾಗಿ ಬಿದ್ದು ಫಿಲಿಪ್ಪೀನ್ಸ್, ಪೋರ್ಟೊರಿಕೊ ಮತ್ತು ಗುವಾಮ್ ಅಮೆರಿಕದ ವಶಕ್ಕೆ ಬಂದವು. ಫಿಲಿಪ್ಪೀನ್ಸಿಗಾಗಿ ಸ್ಪೇನಿಗೆ ಸಂದಾಯವಾದದ್ದು 2 ಕೋಟಿ ಡಾಲರ್. ಆ ದ್ವೀಪಗಳಲ್ಲಿದ್ದ ಸುಮಾರು 70 ಲಕ್ಷ ಜನರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಮತದಾನಕ್ಕೆ ಎರಡು ದಿನ ಮೊದಲು, ಫೆಬ್ರುವರಿ 4ರ ರಾತ್ರಿ, ಮನಿಲಾದ ಹೊರವಲಯದಲ್ಲಿ ಅಮೆರಿಕದ ಸೈನಿಕರಿಗೂ ಫಿಲಿಪ್ಪೀನ್ಸ್ ಗಣರಾಜ್ಯದ ಸೈನಿಕರಿಗೂ ಗುಂಡಿನ ಕಾಳಗ ಆಗಲೇ ಶುರುವಾಗಿತ್ತು.

ಬ್ರಿಟನ್ನಿನ ರಾಜನ ವಿರುದ್ಧ ಬಂಡೆದ್ದು ಹುಟ್ಟಿದ ದೇಶವಿದು. ಜನರ ಒಪ್ಪಿಗೆಯಿಲ್ಲದೆ ಅವರನ್ನು ಆಳುವ ಹಕ್ಕು ಯಾರಿಗೂ ಇಲ್ಲ ಎಂದು 1776ರಲ್ಲೇ ಸಾರಿದ ದೇಶ. ಅದಕ್ಕೆ ನೆಲದ ಕೊರತೆ ಇರಲಿಲ್ಲ, ಗಣಿಗಳ ಕೊರತೆ ಇರಲಿಲ್ಲ, ಹತ್ತಿಯ ಕೊರತೆಯಂತೂ ಇರಲೇ ಇಲ್ಲ. ಹಾಗಿದ್ದೂ ಅದು ಏಳು ಸಾವಿರ ಮೈಲಿ ದೂರದ ದ್ವೀಪಸಮೂಹವನ್ನು ಗೆಲ್ಲಲು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದ್ದೇಕೆ? ಹೆಚ್ಚುವರಿ ಬಂಡವಾಳ, ಮಾರುಕಟ್ಟೆಯ ಹಸಿವು, ನೌಕಾನೆಲೆಗಳ ಅಗತ್ಯ, ಜನಾಂಗದ ಹಮ್ಮು, ಪತ್ರಿಕೆಗಳ ಉನ್ಮಾದ, ಬರೀ ಆಕಸ್ಮಿಕ: ಹೀಗೆ ಇತಿಹಾಸಕಾರರು ಕೊಟ್ಟ ಉತ್ತರಗಳು ಹಲವು. ಪ್ರತಿಯೊಂದರಲ್ಲೂ ಸತ್ಯದ ಒಂದಂಶವಿದೆ. ಆದರೆ ಒರೆಗೆ ಹಚ್ಚಿ ನೋಡಿದರೆ ಎಲ್ಲವೂ ಒಂದೇ ತೂಕದವಲ್ಲ.

ನೆಲ ಕಬಳಿಸುವುದು ಅಮೆರಿಕಕ್ಕೆ 1898ರಲ್ಲಿ ಕಲಿತ ಹೊಸ ವಿದ್ಯೆಯಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮೂಲನಿವಾಸಿಗಳ ನೆಲವನ್ನು ಒಪ್ಪಂದ ಮುರಿದು, ಯುದ್ಧ ಹೂಡಿ ಕಸಿದುಕೊಳ್ಳುತ್ತಲೇ ಅದು ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರದವರೆಗೆ ಹಬ್ಬಿತ್ತು. 1848ರಲ್ಲಿ ಮೆಕ್ಸಿಕೊದಿಂದ ವಿಶಾಲ ಪ್ರದೇಶವನ್ನು ಪಡೆದಿತ್ತು. 1856ರ ಒಂದು ಕಾಯ್ದೆಯ ಪ್ರಕಾರ, ಯಾರಿಗೂ ಸೇರದ ದ್ವೀಪದಲ್ಲಿ ಹಕ್ಕಿಗಳ ಹಿಕ್ಕೆಯ ರಾಶಿ ಸಿಕ್ಕರೆ ಅಮೆರಿಕದ ಪ್ರಜೆ ಅದನ್ನು ತನ್ನ ದೇಶದ ಹೆಸರಿನಲ್ಲಿ ವಶಪಡಿಸಿಕೊಳ್ಳಬಹುದಿತ್ತು. ಬಳಲಿದ ಹೊಲಗಳಿಗೆ ಅದು ಒಳ್ಳೆಯ ಗೊಬ್ಬರವಾಗಿತ್ತು. 1867ರಲ್ಲಿ ರಷ್ಯಾದಿಂದ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಕೊಂಡದ್ದೂ ಆಯಿತು. ಆದರೆ ಜನವಸತಿ ಇರುವ ಕಡಲಾಚೆಯ ನಾಡನ್ನು ಸೇರಿಸಿಕೊಳ್ಳುವ ಮಾತು ಬಂದಾಗ ಸೆನೆಟ್ ಹಿಂಜರಿಯುತ್ತಿತ್ತು. 1870ರಲ್ಲಿ ಅಧ್ಯಕ್ಷ ಗ್ರಾಂಟ್ ಸ್ಯಾಂಟೊ ಡೊಮಿಂಗೊವನ್ನು ಸೇರಿಸಿಕೊಳ್ಳಲು ಒಪ್ಪಂದ ತಂದಾಗ ಮತಗಳು 28-28 ಆಗಿ ಅದು ಬಿದ್ದುಹೋಯಿತು. 1870ರಲ್ಲಿ ಬೇಡವೆಂದ ಸೆನೆಟ್ 1899ರಲ್ಲಿ ಬೇಕೆಂದಿತು. ಆ ಮೂವತ್ತು ವರ್ಷಗಳಲ್ಲಿ ಬದಲಾದದ್ದೇನು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಕಣ್ಣಿಗೆ ರಾಚುವ ಬದಲಾವಣೆ ಕೈಗಾರಿಕೆಯದು. ಅಂತರ್ಯುದ್ಧ ಮುಗಿದಾಗ ಬ್ರಿಟನ್ನಿಗಿಂತ ಬಹಳ ಹಿಂದಿದ್ದ ಅಮೆರಿಕ 1890ರ ಹೊತ್ತಿಗೆ ಉಕ್ಕಿನ ಉತ್ಪಾದನೆಯಲ್ಲಿ ಅದನ್ನು ಹಿಂದಿಕ್ಕಿತ್ತು. ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳು, ಷಿಕಾಗೊದ ಮಾಂಸದ ಕಾರ್ಖಾನೆಗಳು, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸಂಸ್ಕರಣಾಗಾರಗಳು ದೇಶದೊಳಗಿನ ಬೇಡಿಕೆಯನ್ನು ಮೀರಿ ಉತ್ಪಾದಿಸತೊಡಗಿದವು. ಆಗಲೇ 1893ರ ಆರ್ಥಿಕ ಕುಸಿತ ಬಡಿಯಿತು. ನೂರಾರು ಬ್ಯಾಂಕುಗಳು ಬಾಗಿಲು ಹಾಕಿದವು, ಸಾವಿರಾರು ವ್ಯಾಪಾರ ಸಂಸ್ಥೆಗಳು ಮುಳುಗಿದವು, ಮರುವರ್ಷ ದುಡಿಯುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ ಎಂದು ಕೆಲವು ಅಂದಾಜುಗಳು ಹೇಳುತ್ತವೆ. 1894ರಲ್ಲಿ ನಿರುದ್ಯೋಗಿಗಳ ಗುಂಪೊಂದು ಜೇಕಬ್ ಕಾಕ್ಸಿಯ ನಾಯಕತ್ವದಲ್ಲಿ ಒಹಾಯೊದಿಂದ ವಾಷಿಂಗ್ಟನ್ನಿಗೆ ಕಾಲ್ನಡಿಗೆಯಲ್ಲಿ ಹೋಯಿತು. ಅದೇ ವರ್ಷ ಪುಲ್ಮನ್ ರೈಲುಗಾಡಿ ಕಾರ್ಮಿಕರ ಮುಷ್ಕರವನ್ನು ಸೈನ್ಯ ಬಳಸಿ ಅಡಗಿಸಲಾಯಿತು. ಉಳ್ಳವರಿಗೆ ಇದು ಬೀದಿಗೆ ಬಂದ ಕ್ರಾಂತಿಯಂತೆ ಕಂಡಿತು. ಕಾರ್ಖಾನೆಗಳು ಅತಿಯಾಗಿ ಉತ್ಪಾದಿಸಿದ್ದೇ ಈ ಸಂಕಟದ ಮೂಲ, ಹೊರದೇಶದಲ್ಲಿ ಮಾರಿದರೆ ಮಾತ್ರ ಒಳಗೆ ಶಾಂತಿ ಎಂಬ ಮಾತು ರಾಜಕಾರಣಿಗಳ ಭಾಷಣದಲ್ಲಿ, ಪತ್ರಿಕೆಗಳ ಸಂಪಾದಕೀಯದಲ್ಲಿ, ವಾಣಿಜ್ಯ ಮಂಡಳಿಗಳ ಠರಾವುಗಳಲ್ಲಿ ಕೇಳತೊಡಗಿತು.

1893ರ ಜುಲೈನಲ್ಲಿ ಷಿಕಾಗೊದ ವಿಶ್ವಮೇಳದ ಸಂದರ್ಭದಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಯುವ ಇತಿಹಾಸಕಾರ ಪ್ರಬಂಧವೊಂದನ್ನು ಓದಿದ. ಅಮೆರಿಕದ ಪ್ರಜಾಪ್ರಭುತ್ವವನ್ನು ರೂಪಿಸಿದ್ದು ಪಶ್ಚಿಮದ ಗಡಿಯಲ್ಲಿದ್ದ ಬಿಡುನೆಲ, 1890ರ ಜನಗಣತಿಯ ಪ್ರಕಾರ ಆ ಗಡಿರೇಖೆ ಅಳಿದುಹೋಗಿದೆ ಎಂಬುದು ಅವನ ವಾದ. ಅಸಮಾಧಾನಗೊಂಡವರೆಲ್ಲ ಪಶ್ಚಿಮಕ್ಕೆ ಗುಳೆ ಹೋಗುವ ಕಾಲ ಮುಗಿದಿದ್ದರೆ ಮುಂದೇನು ಎಂಬ ಆತಂಕಕ್ಕೆ ಈ ಪ್ರಬಂಧ ವಿದ್ವತ್ತಿನ ಮುದ್ರೆ ಒತ್ತಿತು.

ಈ ಹಿನ್ನೆಲೆಯನ್ನು ಸಿದ್ಧಾಂತವಾಗಿ ಬೆಳೆಸಿದವರಲ್ಲಿ ಮೊದಲು ನೆನಪಾಗುವವರು ಬ್ರಿಟನ್ನಿನ ಜೆ. ಎ. ಹಾಬ್ಸನ್ ಮತ್ತು ರಷ್ಯಾದ ಲೆನಿನ್. 1902ರಲ್ಲಿ ಬಂದ ತನ್ನ ಗ್ರಂಥದಲ್ಲಿ ಹಾಬ್ಸನ್ ಹೇಳಿದ್ದು ಇಷ್ಟು: ಕೂಲಿಕಾರರ ಕೈಯಲ್ಲಿ ಹಣವಿಲ್ಲದ್ದರಿಂದ ದೇಶದೊಳಗೆ ಸರಕು ಖರ್ಚಾಗುವುದಿಲ್ಲ, ಸಿರಿವಂತರ ಬಳಿ ಕೂಡಿಬಿದ್ದ ಬಂಡವಾಳ ಹೊರದೇಶದಲ್ಲಿ ಹೂಡಿಕೆ ಹುಡುಕುತ್ತದೆ, ಅದರ ರಕ್ಷಣೆಗೆ ಸೈನ್ಯ ಹಿಂಬಾಲಿಸುತ್ತದೆ. ಕೂಲಿ ಹೆಚ್ಚಿಸಿದರೆ ಈ ರೋಗ ವಾಸಿಯಾಗುತ್ತದೆಂದು ಹಾಬ್ಸನ್ ನಂಬಿದ್ದ. ಲೆನಿನ್ನನಿಗೆ ಇದು ಬಂಡವಾಳಶಾಹಿಯ ಅನಿವಾರ್ಯ ಹಂತವಾಗಿ ಕಂಡಿತು. ಬ್ರಿಟನ್ನಿಗೆ ಈ ವಿವರಣೆ ಎಷ್ಟು ಹೊಂದುತ್ತದೆ ಎಂಬುದು ಬೇರೆ ಚರ್ಚೆ. 1898ರ ಅಮೆರಿಕಕ್ಕಂತೂ ಇದು ಹೊಂದುವುದಿಲ್ಲ. ಆಗ ಅಮೆರಿಕ ಸಾಲಗಾರ ದೇಶ. 1897ರಲ್ಲಿ ಅಮೆರಿಕನ್ನರು ಹೊರದೇಶಗಳಲ್ಲಿ ಹೂಡಿದ್ದ ಹಣ ಅಂದಾಜು 70 ಕೋಟಿ ಡಾಲರ್. ವಿದೇಶಿಯರು ಅಮೆರಿಕದಲ್ಲಿ ಹೂಡಿದ್ದು 300 ಕೋಟಿ ಡಾಲರಿಗೂ ಹೆಚ್ಚು. ಹೊರಗೆ ಹೂಡಿದ ಹಣದಲ್ಲೂ ದೊಡ್ಡ ಪಾಲು ಹೋದದ್ದು ಮೆಕ್ಸಿಕೊ, ಕೆನಡಾ ಮತ್ತು ಯುರೋಪಿಗೆ. ಫಿಲಿಪ್ಪೀನ್ಸಿನಲ್ಲಿ ಅಮೆರಿಕದ ಬಂಡವಾಳ ಇತ್ತೆಂದು ಹೇಳುವಷ್ಟೂ ಇರಲಿಲ್ಲ.

ಮಾರುಕಟ್ಟೆಯ ವಾದ ಇದಕ್ಕಿಂತ ಗಟ್ಟಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಲಿಯಂ ಆಪಲ್‌ಮನ್ ವಿಲಿಯಮ್ಸ್ 1959ರಲ್ಲಿ, ಅಲ್ಲಿಯೇ ಓದಿದ ವಾಲ್ಟರ್ ಲಫೀಬರ್ 1963ರಲ್ಲಿ ಇದನ್ನು ವಿವರವಾಗಿ ಕಟ್ಟಿದರು. ಅಮೆರಿಕಕ್ಕೆ ಬೇಕಿದ್ದದ್ದು ನೆಲವಲ್ಲ, ಗಿರಾಕಿಗಳು. ಚೀನಾದ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಹವಾಯಿ, ಗುವಾಮ್, ಮನಿಲಾಗಳು ಮೆಟ್ಟಿಲುಗಳು ಎಂದು ಅವರು ತೋರಿಸಿದರು. 1899ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವ ಜಾನ್ ಹೇ ಚೀನಾದ ಬಾಗಿಲು ಎಲ್ಲರ ವ್ಯಾಪಾರಕ್ಕೂ ಸಮಾನವಾಗಿ ತೆರೆದಿರಬೇಕೆಂದು ಯುರೋಪಿನ ರಾಷ್ಟ್ರಗಳಿಗೂ ಜಪಾನಿಗೂ ಪತ್ರ ಬರೆದದ್ದು ಈ ವಾದಕ್ಕೆ ಬಲ ಕೊಡುತ್ತದೆ. ದಕ್ಷಿಣದ ರಾಜ್ಯಗಳ ಬಟ್ಟೆ ಗಿರಣಿಗಳಿಗೆ ಚೀನಾ ನಿಜಕ್ಕೂ ಮುಖ್ಯ ಗಿರಾಕಿಯಾಗಿತ್ತು. ಅಮೆರಿಕದಿಂದ ಹೊರಹೋಗುತ್ತಿದ್ದ ಹತ್ತಿಬಟ್ಟೆಯನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ದೇಶ ಅದೇ.

ಆದರೆ ಒಟ್ಟು ಲೆಕ್ಕ ಬೇರೆಯೇ ಹೇಳುತ್ತದೆ. ಅಮೆರಿಕದ ರಫ್ತಿನಲ್ಲಿ ನಾಲ್ಕನೇ ಮೂರರಷ್ಟು ಯುರೋಪಿಗೆ ಹೋಗುತ್ತಿತ್ತು. 1890ರ ದಶಕದಲ್ಲಿ ಚೀನಾದ ಪಾಲು ನೂರಕ್ಕೆ ಎರಡನ್ನೂ ಮುಟ್ಟಿರಲಿಲ್ಲ. ಇಡೀ ರಫ್ತು ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಆರೇಳು ಭಾಗ ಮಾತ್ರ. ಜೊತೆಗೆ ಅಮೆರಿಕದ ಹೊಲಿಗೆ ಯಂತ್ರಗಳೂ ಸೀಮೆಎಣ್ಣೆಯೂ ಯಾವ ವಸಾಹತಿನ ನೆರವಿಲ್ಲದೆ ಲೋಕದ ತುಂಬ ಮಾರಾಟವಾಗುತ್ತಿದ್ದವು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತಕ್ಕೂ ಪೆನ್ಸಿಲ್ವೇನಿಯದ ಸೀಮೆಎಣ್ಣೆ ಬರುತ್ತಿತ್ತು. ಮಾರುಕಟ್ಟೆ ಬೇಕಿದ್ದರೆ ಒಳ್ಳೆಯ ಸರಕು, ಅಗ್ಗದ ಬೆಲೆ ಸಾಕಿತ್ತು. ಹಾಗಾದರೆ ವಿಲಿಯಮ್ಸ್ ಮತ್ತು ಲಫೀಬರ್ ಹೇಳಿದ್ದು ಸುಳ್ಳೇ? ಅಲ್ಲ. ಚೀನಾದ 40 ಕೋಟಿ ಗಿರಾಕಿಗಳ ಕನಸನ್ನು ನಂಬಿ ನಿರ್ಧಾರ ಕೈಗೊಂಡವರು ಇದ್ದರೆಂಬುದಕ್ಕೆ ಅವರ ಗ್ರಂಥಗಳಲ್ಲಿ ಧಾರಾಳ ಪುರಾವೆಯಿದೆ. ಕಾರ್ಖಾನೆಗಳಿಗೆ ವಸಾಹತಿನ ಅಗತ್ಯವಿತ್ತೆಂಬುದು ಅದರಿಂದ ಸಾಬೀತಾಗುವುದಿಲ್ಲ. ಅಗತ್ಯವಿದೆಯೆಂದು ಅಧಿಕಾರದಲ್ಲಿದ್ದವರು ಭಾವಿಸಿದ್ದರು ಎಂಬುದು ಸಾಬೀತಾಗುತ್ತದೆ. ಈ ಎರಡರ ನಡುವಿನ ಅಂತರದಲ್ಲೇ 1898ರ ರಾಜಕಾರಣ ಅಡಗಿದೆ.

ಉದ್ಯಮಿಗಳೆಲ್ಲ ಸೇರಿ ಸರ್ಕಾರವನ್ನು ಯುದ್ಧಕ್ಕೆ ತಳ್ಳಿದರೆಂಬ ಚಿತ್ರವೂ ಪೂರ್ತಿ ನಿಲ್ಲುವುದಿಲ್ಲ. 1936ರಲ್ಲೇ ಜೂಲಿಯಸ್ ಪ್ರಾಟ್ ಆ ಕಾಲದ ವಾಣಿಜ್ಯ ಪತ್ರಿಕೆಗಳನ್ನು ಶೋಧಿಸಿ, ಬಹುಪಾಲು ಉದ್ಯಮಿಗಳು ಸ್ಪೇನಿನೊಡನೆ ಯುದ್ಧ ಬೇಡವೆನ್ನುತ್ತಿದ್ದರೆಂದು ತೋರಿಸಿದ. 1897ರಲ್ಲಿ ಆರ್ಥಿಕತೆ ಆಗಷ್ಟೇ ಚೇತರಿಸಿಕೊಂಡಿತ್ತು, ಅದು ಕದಡುವುದು ಅವರಿಗೆ ಇಷ್ಟವಿರಲಿಲ್ಲ. ಮನಿಲಾ ಕೈಗೆ ಬಂದ ಮೇಲೆ ಅವರ ಧಾಟಿ ಬದಲಾಯಿತು.

ಹಿತಾಸಕ್ತಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಹತ್ತಿರದಿಂದ ನೋಡಬೇಕಾದರೆ ಹವಾಯಿಯ ಸಕ್ಕರೆಯನ್ನು ನೋಡಬೇಕು. 1875ರ ಒಪ್ಪಂದದ ಪ್ರಕಾರ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಬರತೊಡಗಿತು. ಹದಿನೈದು ವರ್ಷಗಳಲ್ಲಿ ಅಲ್ಲಿನ ಉತ್ಪಾದನೆ ಸುಮಾರು ಹತ್ತು ಪಟ್ಟು ಬೆಳೆಯಿತು. ಕಬ್ಬಿನ ತೋಟಗಳ ಒಡೆತನ ಹೆಚ್ಚಾಗಿ ಅಮೆರಿಕನ್ ಮೂಲದ ಕುಟುಂಬಗಳದು, ಅವರಲ್ಲಿ ಹಲವರು ಪಾದ್ರಿಗಳ ಮಕ್ಕಳು, ಮೊಮ್ಮಕ್ಕಳು. ದುಡಿಯುವವರು ಕರಾರಿನ ಮೇಲೆ ಚೀನಾ, ಜಪಾನ್ ಮತ್ತು ಪೋರ್ಚುಗಲ್ಲಿನಿಂದ ಬಂದ ಕೂಲಿಗಳು. 1887ರಲ್ಲಿ ಒಪ್ಪಂದ ನವೀಕರಣವಾದಾಗ ಪರ್ಲ್ ಹಾರ್ಬರನ್ನು ಬಳಸುವ ವಿಶೇಷ ಹಕ್ಕು ಅಮೆರಿಕದ ನೌಕಾಪಡೆಗೆ ಸಿಕ್ಕಿತು. ಅದೇ ವರ್ಷ ಶಸ್ತ್ರಸಜ್ಜಿತ ಬಿಳಿಯರು ರಾಜನ ಮೇಲೆ ಒತ್ತಡ ತಂದು, ಅರಸೊತ್ತಿಗೆಯ ಅಧಿಕಾರವನ್ನೂ ಬಡ ಹವಾಯಿಯರ ಮತದ ಹಕ್ಕನ್ನೂ ಮೊಟಕುಗೊಳಿಸುವ ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡರು.

ಆಮೇಲೆ 1890ರ ಮೆಕಿನ್ಲಿ ಸುಂಕ ಕಾಯ್ದೆ ಬಂತು. ಅದು ಎಲ್ಲ ದೇಶಗಳ ಕಚ್ಚಾ ಸಕ್ಕರೆಯ ಮೇಲಿನ ಸುಂಕವನ್ನೂ ತೆಗೆದುಹಾಕಿ, ಅಮೆರಿಕದೊಳಗಿನ ಬೆಳೆಗಾರರಿಗೆ ಪೌಂಡಿಗೆ ಎರಡು ಸೆಂಟ್ ಸಹಾಯಧನ ಕೊಟ್ಟಿತು. ಹವಾಯಿಗಿದ್ದ ಅನುಕೂಲ ಒಂದೇ ಏಟಿಗೆ ಹೋಯಿತು. ದೇಶವೇ ಅಮೆರಿಕಕ್ಕೆ ಸೇರಿಬಿಟ್ಟರೆ ಆ ಎರಡು ಸೆಂಟ್ ತಮಗೂ ಬರುತ್ತದೆಂದು ಲೆಕ್ಕ ಹಾಕಿದವರು ಇದ್ದರು. 1893ರ ಜನವರಿಯಲ್ಲಿ ರಾಣಿ ಲಿಲಿಯುವೊಕಲಾನಿ ಹೊಸ ಸಂವಿಧಾನ ತರಲು ಹೊರಟಾಗ ಬಿಳಿಯರ ಸಮಿತಿಯೊಂದು ದಂಗೆಯೆದ್ದಿತು. ಅಮೆರಿಕದ ರಾಯಭಾರಿ ಜಾನ್ ಸ್ಟೀವನ್ಸ್‌ನ ಕೋರಿಕೆಯ ಮೇರೆಗೆ ಬೋಸ್ಟನ್ ಎಂಬ ಯುದ್ಧನೌಕೆಯಿಂದ 162 ನಾವಿಕರು ಮತ್ತು ಮರೀನ್‌ಗಳು ಹೊನೊಲುಲುವಿನಲ್ಲಿ ಇಳಿದರು. ರಾಣಿ ಅಧಿಕಾರ ಬಿಟ್ಟುಕೊಟ್ಟದ್ದು ಆ ಸಮಿತಿಗಲ್ಲ, ಅಮೆರಿಕದ ಬಲಕ್ಕೆ ಎಂದು ಬರಹದಲ್ಲೇ ದಾಖಲಿಸಿದಳು.

ಇಲ್ಲಿಯೂ ಕಥೆ ನೇರವಾಗಿಲ್ಲ. ಹವಾಯಿಯ ಅತಿ ದೊಡ್ಡ ಸಕ್ಕರೆ ದೊರೆ ಕ್ಲಾಸ್ ಸ್ಪ್ರೆಕಲ್ಸ್ ವಿಲೀನವನ್ನು ವಿರೋಧಿಸಿದ. ಅಮೆರಿಕದ ಕಾನೂನು ಜಾರಿಯಾದರೆ ಏಷ್ಯಾದ ಕರಾರು ಕೂಲಿಗಳು ಸಿಗಲಾರರೆಂಬ ಭಯ ಅವನಿಗೆ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ವಿಲೀನದ ಒಪ್ಪಂದವನ್ನು ಹಿಂತೆಗೆದುಕೊಂಡು, ವಿಚಾರಣೆ ನಡೆಸಿ, ನಡೆದದ್ದು ಅನ್ಯಾಯವೆಂದು ತೀರ್ಮಾನಿಸಿದ. ಸಕ್ಕರೆಯ ಒತ್ತಡವೇ ಎಲ್ಲವೂ ಆಗಿದ್ದರೆ ಹವಾಯಿ 1893ರಲ್ಲೇ ಸೇರಬೇಕಿತ್ತು. ಸೇರಿದ್ದು 1898ರ ಜುಲೈನಲ್ಲಿ, ಸ್ಪೇನಿನೊಡನೆ ಯುದ್ಧ ನಡೆಯುತ್ತಿದ್ದಾಗ. ಅದಕ್ಕೆ ಮೊದಲು, 1897ರಲ್ಲಿ, 21,000ಕ್ಕೂ ಹೆಚ್ಚು ಹವಾಯಿಯರು ವಿಲೀನ ಬೇಡವೆಂದು ಸಹಿ ಹಾಕಿದ ಮನವಿ ವಾಷಿಂಗ್ಟನ್ ತಲುಪಿತ್ತು. ಆಗ ಮೂಲನಿವಾಸಿಗಳ ಸಂಖ್ಯೆಯೇ ಸುಮಾರು 40,000. ಆ ಮನವಿಯ ಪರಿಣಾಮವಾಗಿ ಸೆನೆಟ್ಟಿನಲ್ಲಿ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಅದಕ್ಕೆಂದೇ ಕೊನೆಗೆ ಒಪ್ಪಂದದ ದಾರಿ ಬಿಟ್ಟು, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯದ ದಾರಿ ಹಿಡಿದರು. ಒಂದು ಜನಾಂಗ ಕಾಗದದ ಮೇಲೆ ಅಷ್ಟು ಸ್ಪಷ್ಟವಾಗಿ ಬೇಡವೆಂದ ಮೇಲೂ ನಡೆದ ಈ ಕೆಲಸವನ್ನು ವಿಲೀನ ಎಂದು ಕರೆಯುವುದೇ ಕಷ್ಟ.

1893ಕ್ಕೂ 1898ಕ್ಕೂ ನಡುವೆ ಏನು ಸೇರಿಕೊಂಡಿತು? ಒಂದು, ಸಮುದ್ರದ ಲೆಕ್ಕಾಚಾರ. ನೌಕಾಧಿಕಾರಿ ಆಲ್ಫ್ರೆಡ್ ಥೇಯರ್ ಮಹ್ಯಾನ್ 1890ರಲ್ಲಿ ಪ್ರಕಟಿಸಿದ ಕಡಲಬಲದ ಇತಿಹಾಸವನ್ನು ಜರ್ಮನಿಯ ಕೈಸರನಿಂದ ಹಿಡಿದು ಜಪಾನಿನ ಅಧಿಕಾರಿಗಳವರೆಗೆ ಎಲ್ಲರೂ ಓದಿದರು. ವ್ಯಾಪಾರಿ ಹಡಗು, ಅದನ್ನು ಕಾಯುವ ಯುದ್ಧನೌಕೆ, ಎರಡಕ್ಕೂ ಕಲ್ಲಿದ್ದಲು ತುಂಬುವ ನೆಲೆಗಳು: ರಾಷ್ಟ್ರಗಳ ಏಳಿಗೆಯ ಗುಟ್ಟು ಇದು ಎಂದಿದ್ದ ಅವನು. ಆಗಿನ ಹಡಗುಗಳು ಕಲ್ಲಿದ್ದಲು ಉರಿಸಿ ಓಡುತ್ತಿದ್ದುದರಿಂದ ನೆಲೆಗಳಿಲ್ಲದ ನೌಕಾಪಡೆ ಬಂದರು ಬಿಟ್ಟು ದೂರ ಹೋಗುವಂತಿರಲಿಲ್ಲ. 1880ರ ದಶಕದ ಆರಂಭದಲ್ಲಿ ಚಿಲಿಯ ನೌಕಾಪಡೆಯೇ ತಮ್ಮದಕ್ಕಿಂತ ಬಲಿಷ್ಠವೆಂದು ಕೊರಗುತ್ತಿದ್ದ ಅಮೆರಿಕನ್ನರು 1883ರಿಂದ ಉಕ್ಕಿನ ಹಡಗುಗಳನ್ನು ಕಟ್ಟತೊಡಗಿದರು. ಅವಕ್ಕೆ ಬೇಕಾದ ರಕ್ಷಾಕವಚದ ತಗಡು ಬಂದದ್ದು ಬೆತ್ಲೆಹೆಮ್ ಮತ್ತು ಕಾರ್ನೆಗಿಯ ಉಕ್ಕಿನ ಕಾರ್ಖಾನೆಗಳಿಂದ. ಕೈಗಾರಿಕೆಗೂ ಸಾಮ್ರಾಜ್ಯಕ್ಕೂ ಇರುವ ಖಚಿತ ನಂಟು ಬಹುಶಃ ಇದೇ: ಕಾರ್ಖಾನೆಗಳು ದೇಶಕ್ಕೆ ವಸಾಹತಿನ ಹಂಬಲವನ್ನು ಕೊಟ್ಟವೋ ಇಲ್ಲವೋ, ವಸಾಹತು ಗೆಲ್ಲುವ ಸಾಧನವನ್ನಂತೂ ಕೊಟ್ಟವು.

ಇನ್ನೊಂದು, ಬೇರೆ ದೇಶಗಳ ಭಯ. 1895ರಲ್ಲಿ ಜಪಾನ್ ಚೀನಾವನ್ನು ಸೋಲಿಸಿ ತೈವಾನ್ ಪಡೆಯಿತು. 1897ರ ನವೆಂಬರಿನಲ್ಲಿ ಜರ್ಮನಿ ಚೀನಾದ ಜಿಯಾವ್‌ಝೌ ಕೊಲ್ಲಿಯನ್ನು ಹಿಡಿಯಿತು, ಮರುವರ್ಷ ರಷ್ಯಾ ಪೋರ್ಟ್ ಆರ್ಥರನ್ನು ಗುತ್ತಿಗೆಗೆ ಪಡೆಯಿತು. 1896ರ ಗಣತಿಯಲ್ಲಿ ಹವಾಯಿಯ 1,09,000 ಜನರಲ್ಲಿ 24,000ಕ್ಕೂ ಹೆಚ್ಚು ಮಂದಿ ಜಪಾನೀಯರಿದ್ದರು. ಅವರ ವಲಸೆಯನ್ನು ತಡೆದಾಗ 1897ರಲ್ಲಿ ಜಪಾನ್ ಒಂದು ಯುದ್ಧನೌಕೆಯನ್ನೇ ಕಳಿಸಿತು. ಏಳುತ್ತಿದ್ದ ಮೂರು ಕೈಗಾರಿಕಾ ರಾಷ್ಟ್ರಗಳು, ಅಂದರೆ ಜರ್ಮನಿ, ಜಪಾನ್, ಅಮೆರಿಕ, ಒಂದೇ ಹತ್ತು ಹದಿನೈದು ವರ್ಷಗಳಲ್ಲಿ ಕಡಲಾಚೆಗೆ ಹೊರಟದ್ದು ಕಾಕತಾಳೀಯವಾಗಿರಲಾರದು. ಈಗ ಹಿಡಿಯದಿದ್ದರೆ ಮುಂದೆ ಏನೂ ಉಳಿಯುವುದಿಲ್ಲ ಎಂಬ ಧಾವಂತ ಎಲ್ಲರಲ್ಲೂ ಇತ್ತು. ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫರೀದ್ ಝಕಾರಿಯಾ 1998ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಮತ್ತೊಂದು ಅಂಶ ಸೇರಿಸುತ್ತಾರೆ. 1870ರಲ್ಲಿ ಅಮೆರಿಕ ಶ್ರೀಮಂತವಾಗುತ್ತಿದ್ದರೂ ಅದರ ಕೇಂದ್ರ ಸರ್ಕಾರ ದುರ್ಬಲವಾಗಿತ್ತು, ಕಾಂಗ್ರೆಸ್ಸಿನ ಅಂಕೆಯಲ್ಲಿತ್ತು. 1890ರ ದಶಕಕ್ಕೆ ಅಧ್ಯಕ್ಷನ ಕೈ ಬಲವಾಯಿತು, ಅಧಿಕಾರಶಾಹಿ ಬೆಳೆಯಿತು. ದೇಶದ ಸಂಪತ್ತು ಸರ್ಕಾರದ ಶಕ್ತಿಯಾದಾಗ ಮಾತ್ರ ಹೊರಗೆ ಚಾಚಿಕೊಳ್ಳಲು ಸಾಧ್ಯ ಎಂಬುದು ಅವರ ವಾದ. ಗ್ರಾಂಟ್ ಸೋತದ್ದೂ 1898ರ ಅಧ್ಯಕ್ಷ ಮೆಕಿನ್ಲಿ ಗೆದ್ದದ್ದೂ ಏಕೆಂಬುದಕ್ಕೆ ಇದು ಒಳ್ಳೆಯ ಉತ್ತರ. ಆದರೆ ಶಕ್ತಿಯಿದ್ದವರು ಅದನ್ನು ಹೀಗೆಯೇ ಏಕೆ ಬಳಸಿದರೆಂದು ಇದು ಹೇಳುವುದಿಲ್ಲ.

ಕ್ಯೂಬಾದ ಕಥೆ ಹೆಚ್ಚು ಪರಿಚಿತ. ಅಲ್ಲಿಯೂ ಕಿಡಿ ಹೊತ್ತಿಸಿದ್ದರಲ್ಲಿ ಸಕ್ಕರೆಯ ಪಾತ್ರವಿದೆ. 1894ರ ಸುಂಕ ಕಾಯ್ದೆ ಸಕ್ಕರೆಯ ಮೇಲೆ ಮತ್ತೆ ನೂರಕ್ಕೆ 40 ಸುಂಕ ಹೇರಿದಾಗ ಕ್ಯೂಬಾದ ಬದುಕು ನೆಲಕಚ್ಚಿತು. 1895ರ ಫೆಬ್ರುವರಿಯಲ್ಲಿ ಹೊಸೆ ಮಾರ್ತಿಯ ನೇತೃತ್ವದಲ್ಲಿ ಸ್ವಾತಂತ್ರ್ಯ ಸಮರ ಮತ್ತೆ ಭುಗಿಲೆದ್ದಿತು. ಸ್ಪೇನಿನ ಸೇನಾಪತಿ ವೈಲರ್ ಹಳ್ಳಿಗರನ್ನು ಬೇಲಿ ಹಾಕಿದ ಶಿಬಿರಗಳಿಗೆ ಅಟ್ಟಿದ. ಲಕ್ಷಕ್ಕೂ ಹೆಚ್ಚು ಜನ ಹಸಿವು, ರೋಗಗಳಿಂದ ಸತ್ತರು. 1898ರ ಫೆಬ್ರುವರಿ 15ರಂದು ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಮೇನ್ ಸ್ಫೋಟಿಸಿ 260ಕ್ಕೂ ಹೆಚ್ಚು ಮಂದಿ ಸತ್ತಾಗ ಹರ್ಸ್ಟ್ ಮತ್ತು ಪುಲಿಟ್ಜರ್ ಒಡೆತನದ ಪತ್ರಿಕೆಗಳು ಸ್ಪೇನನ್ನು ದೂರಿದವು. 1976ರಲ್ಲಿ ಅಡ್ಮಿರಲ್ ರಿಕೋವರ್ ತಂಡ ನಡೆಸಿದ ಅಧ್ಯಯನ, ಹಡಗಿನೊಳಗಿನ ಕಲ್ಲಿದ್ದಲು ಕೋಣೆಯ ಬೆಂಕಿಯೇ ಕಾರಣವಿರಬಹುದು ಎಂದಿತು. ಪತ್ರಿಕೆಗಳು ಯುದ್ಧ ಹುಟ್ಟಿಸಿದವೆಂಬ ಮಾತು ಕೇಳಲು ರೋಚಕ. ಆದರೆ ಕ್ಯೂಬಾದ ಸಂಕಟ ಪತ್ರಿಕೆಗಳ ಸೃಷ್ಟಿಯಾಗಿರಲಿಲ್ಲ, ಜನರ ಮರುಕವೂ ಸುಳ್ಳಾಗಿರಲಿಲ್ಲ. ಕ್ಯೂಬಾವನ್ನು ನುಂಗುವುದಿಲ್ಲವೆಂದು ಕಾಂಗ್ರೆಸ್ ಯುದ್ಧಕ್ಕೆ ಮೊದಲೇ ಟೆಲರ್ ತಿದ್ದುಪಡಿಯ ಮೂಲಕ ಮಾತು ಕೊಟ್ಟಿತ್ತು.

ಲೂಯಿಸ್ ಪೆರೆಸ್ ಎಂಬ ಇತಿಹಾಸಕಾರ ಇಲ್ಲಿ ಕೇಳುವ ಪ್ರಶ್ನೆ ಮಾತ್ರ ಬೇರೆಯವರು ಕೇಳದ್ದು. 1898ರ ಹೊತ್ತಿಗೆ ಕ್ಯೂಬನ್ನರೇ ಗೆಲ್ಲುವ ಹಂತಕ್ಕೆ ಬಂದಿದ್ದರು. ಕರಿಯರೂ ಬಿಳಿಯರೂ ಒಂದೇ ಪಡೆಯಲ್ಲಿ ಹೋರಾಡಿದ ಆ ಬಂಡಾಯಗಾರರ ಕೈಗೆ ದ್ವೀಪ ಹೋಗುವುದನ್ನು ತಡೆಯುವ ಉದ್ದೇಶವೂ ಅಮೆರಿಕದ ಮಧ್ಯಪ್ರವೇಶದಲ್ಲಿ ಇರಲಿಲ್ಲವೇ? ಸ್ಯಾಂಟಿಯಾಗೊ ಪಟ್ಟಣ ಶರಣಾದಾಗ ಕ್ಯೂಬಾದ ಸೇನೆಗೆ ಊರೊಳಗೆ ಬರಲು ಅವಕಾಶ ಸಿಗಲಿಲ್ಲ. 1901ರ ಪ್ಲಾಟ್ ತಿದ್ದುಪಡಿ ಕ್ಯೂಬಾದ ಒಳಾಡಳಿತದಲ್ಲಿ ಕೈಹಾಕುವ ಹಕ್ಕನ್ನು ಅಮೆರಿಕಕ್ಕೆ ಕೊಟ್ಟಿತು, ಗ್ವಾಂಟನಾಮೊ ನೆಲೆ ಅದರ ಬೆನ್ನಿಗೇ ಬಂತು.

ಮನಸ್ಸಿನ ಕಾರಣಗಳ ಬಗ್ಗೆಯೂ ಒಂದು ಮಾತು. ರಿಚರ್ಡ್ ಹಾಫ್‌ಸ್ಟಾಟರ್ 1950ರ ದಶಕದಲ್ಲಿ ಈ ಯುದ್ಧವನ್ನು ಆರ್ಥಿಕ ಕುಸಿತದಿಂದ ಕಂಗೆಟ್ಟ ಸಮಾಜದ ಮಾನಸಿಕ ಬಿಕ್ಕಟ್ಟು ಎಂದು ವಿವರಿಸಿದ. ಅಂತರ್ಯುದ್ಧ ಕಂಡ ತಂದೆಯರ ಎದುರು ತಮ್ಮ ಗಂಡಸುತನವನ್ನು ಸಾಬೀತುಪಡಿಸುವ ಹಂಬಲ ಆ ತಲೆಮಾರಿನ ರಾಜಕಾರಣಿಗಳಲ್ಲಿ ಹೇಗೆ ಕೆಲಸ ಮಾಡಿತೆಂದು ಕ್ರಿಸ್ಟಿನ್ ಹೋಗನ್‌ಸನ್ 1998ರಲ್ಲಿ ತೋರಿಸಿದರು. ಥಿಯೋಡೋರ್ ರೂಸ್‌ವೆಲ್ಟ್‌ನ ಮಾತು, ನಡೆ ಎರಡೂ ಇದಕ್ಕೆ ಸಾಕ್ಷಿ. ಇದರ ಜೊತೆಗೆ ಕೀಳು ಜನಾಂಗಗಳನ್ನು ಉದ್ಧರಿಸುವ ಹೊಣೆ ತಮ್ಮದೆಂಬ ನಂಬಿಕೆ ಬೇರೆ. ಕಿಪ್ಲಿಂಗನ 'ಬಿಳಿಯನ ಹೊರೆ' ಪದ್ಯ ಭಾರತವನ್ನು ಕುರಿತದ್ದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. 1899ರ ಫೆಬ್ರುವರಿಯಲ್ಲಿ ಅದು ಪ್ರಕಟವಾದದ್ದು ಫಿಲಿಪ್ಪೀನ್ಸಿನ ವಿಷಯದಲ್ಲಿ ಅಮೆರಿಕವನ್ನು ಹುರಿದುಂಬಿಸಲು.

ಮನಿಲಾದ ಮೇಲಿನ ದಾಳಿ ಆಕಸ್ಮಿಕವೆಂದು ವಾದಿಸಿದವರಿದ್ದಾರೆ. ಸಾಮ್ಯುಯೆಲ್ ಫ್ಲ್ಯಾಗ್ ಬೀಮಿಸ್ 1936ರಲ್ಲಿ ಈ ಇಡೀ ಪ್ರಕರಣವನ್ನು ದೇಶ ತನ್ನ ಹಾದಿ ತಪ್ಪಿದ ಒಂದು ಗಳಿಗೆ ಎಂದು ಕರೆದ. ದಾಖಲೆಗಳು ಬೇರೆ ಹೇಳುತ್ತವೆ. ಸ್ಪೇನಿನೊಡನೆ ಯುದ್ಧವಾದರೆ ಮನಿಲಾದ ಮೇಲೆ ಎರಗಬೇಕೆಂಬ ಯೋಜನೆ ನೌಕಾಪಡೆಯ ಕಡತದಲ್ಲಿ 1896ರಿಂದಲೇ ಇತ್ತು. 1898ರ ಫೆಬ್ರುವರಿ 25ರಂದು, ನೌಕಾ ಸಚಿವ ಮಧ್ಯಾಹ್ನ ಕಚೇರಿಯಲ್ಲಿಲ್ಲದಾಗ, ಉಪಸಚಿವನಾಗಿದ್ದ ರೂಸ್‌ವೆಲ್ಟ್ ಹಾಂಗ್‌ಕಾಂಗಿನಲ್ಲಿದ್ದ ಕಮೊಡೋರ್ ಜಾರ್ಜ್ ಡ್ಯೂಯಿಗೆ ಕಲ್ಲಿದ್ದಲು ತುಂಬಿಸಿಕೊಂಡು ಸಿದ್ಧನಾಗಿರು ಎಂದು ತಂತಿ ಕಳಿಸಿದ. ಸಚಿವ ಹಿಂತಿರುಗಿದ ಮೇಲೂ ಆ ಆದೇಶವನ್ನು ರದ್ದು ಮಾಡಲಿಲ್ಲ. ಏಷ್ಯಾದಲ್ಲಿ ತನ್ನದೆನ್ನುವ ಒಂದು ನೆಲೆಯೂ ಇಲ್ಲದಿದ್ದ ಡ್ಯೂಯಿ ಬ್ರಿಟಿಷ್ ಸರಕು ಹಡಗೊಂದನ್ನು ಕಲ್ಲಿದ್ದಲು ಸಮೇತ ಕೊಂಡುಕೊಂಡ. ಮೇ 1ರ ಬೆಳಿಗ್ಗೆ ಕೆಲವೇ ಗಂಟೆಗಳಲ್ಲಿ ಸ್ಪೇನಿನ ಹಳೆಯ ಹಡಗುಗಳು ಮುಳುಗಿದವು.

ಡ್ಯೂಯಿ ತನ್ನ ಪಡೆಯ ಹಡಗಿನಲ್ಲೇ ಹಾಂಗ್‌ಕಾಂಗಿನಿಂದ ಕರೆಸಿಕೊಂಡ ಫಿಲಿಪಿನೊ ಬಂಡಾಯದ ನಾಯಕ ಎಮಿಲಿಯೊ ಅಗಿನಾಲ್ಡೊ ಜೂನ್ 12ರಂದು ಕವೀತ್‌ನಲ್ಲಿ ಸ್ವಾತಂತ್ರ್ಯ ಘೋಷಿಸಿದ. ಅವನ ಸೈನಿಕರು ಮನಿಲಾವನ್ನು ಸುತ್ತುವರಿದಿದ್ದರು. ಆಗಸ್ಟ್ 13ರಂದು ಸ್ಪೇನಿನವರೂ ಅಮೆರಿಕನ್ನರೂ ಮೊದಲೇ ಮಾತಾಡಿಕೊಂಡು ಒಂದು ನಟನೆಯ ಯುದ್ಧ ಮಾಡಿದರು: ಸ್ಪೇನ್ ಮರ್ಯಾದೆಯಿಂದ ಶರಣಾಗಬೇಕು, ಫಿಲಿಪಿನೊಗಳು ನಗರದೊಳಗೆ ಕಾಲಿಡಬಾರದು. ಅಕ್ಟೋಬರಿನಲ್ಲಿ ಅಧ್ಯಕ್ಷ ಮೆಕಿನ್ಲಿ ದೇಶದ ಒಳನಾಡಿನಲ್ಲಿ ಪ್ರವಾಸ ಮಾಡಿ, ಜನ ಯಾವ ಮಾತಿಗೆ ಚಪ್ಪಾಳೆ ತಟ್ಟುತ್ತಾರೆಂದು ನೋಡಿ, ತಿಂಗಳ ಕೊನೆಗೆ ಇಡೀ ದ್ವೀಪಸಮೂಹವನ್ನೇ ಕೇಳಿರೆಂದು ಪ್ಯಾರಿಸ್ಸಿನಲ್ಲಿದ್ದ ಸಂಧಾನಕಾರರಿಗೆ ಸೂಚಿಸಿದ. ಒಂದು ನೆಲೆ ಮಾತ್ರ ಇಟ್ಟುಕೊಳ್ಳುವ ದಾರಿಯಿತ್ತು, ಗಣರಾಜ್ಯವನ್ನು ಮಾನ್ಯ ಮಾಡುವ ದಾರಿಯೂ ಇತ್ತು. ಎರಡನ್ನೂ ಅವನು ತಿಳಿದೇ ಬಿಟ್ಟ.

ಮುಂದಿನ ಮೂರೂವರೆ ವರ್ಷ ನಡೆದದ್ದನ್ನು ಕಾರಣಗಳ ಚರ್ಚೆಯಲ್ಲಿ ಮರೆಯುವಂತಿಲ್ಲ. ಅಮೆರಿಕದ 4,200ಕ್ಕೂ ಹೆಚ್ಚು ಸೈನಿಕರು, ಫಿಲಿಪ್ಪೀನ್ಸಿನ ಸುಮಾರು 20,000 ಹೋರಾಟಗಾರರು ಸತ್ತರು. ಹಸಿವು, ಕಾಲರಾ ಮತ್ತು ಹಿಂಸೆಗೆ ಬಲಿಯಾದ ಸಾಮಾನ್ಯರು 2 ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಬಾಯಿಗೆ ಬಲವಂತವಾಗಿ ನೀರು ಸುರಿದು ಹೊಟ್ಟೆ ಉಬ್ಬಿಸಿ ಮಾಹಿತಿ ಹೊರಡಿಸುವ ಚಿತ್ರಹಿಂಸೆಯ ಬಗ್ಗೆ 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ಸೈನಿಕರೇ ಸಾಕ್ಷ್ಯ ನುಡಿದರು. ಬಲಂಗಿಗ ಎಂಬ ಊರಿನಲ್ಲಿ 48 ಅಮೆರಿಕನ್ ಸೈನಿಕರು ಹತರಾದ ಮೇಲೆ ಜನರಲ್ ಜೇಕಬ್ ಸ್ಮಿತ್ ಸಮರ್ ದ್ವೀಪವನ್ನು ಬೆಂಗಾಡು ಮಾಡಿರೆಂದೂ, ಹತ್ತು ವರ್ಷ ಮೀರಿದ ಯಾರನ್ನೂ ಬಿಡಬೇಡಿರೆಂದೂ ಆದೇಶಿಸಿದ. ಅವನಿಗಾದ ಶಿಕ್ಷೆ ಒಂದು ಛೀಮಾರಿ ಮತ್ತು ನಿವೃತ್ತಿ. ಬಟಾಂಗಾಸ್ ಪ್ರಾಂತ್ಯದಲ್ಲಿ ಹಳ್ಳಿಗರನ್ನು ಗಡಿ ಹಾಕಿದ ಶಿಬಿರಗಳಿಗೆ ಅಟ್ಟಲಾಯಿತು. ಕ್ಯೂಬಾದಲ್ಲಿ ವೈಲರ್ ಮಾಡಿದ ಇದೇ ಕೆಲಸವನ್ನು ಕಂಡು ಅಮೆರಿಕ ಯುದ್ಧಕ್ಕೆ ಇಳಿದಿತ್ತು.

ಇದನ್ನು ಆಗಲೇ ಖಂಡಿಸಿದ ಅಮೆರಿಕನ್ನರು ಕಡಿಮೆಯಿರಲಿಲ್ಲ. 1898ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಸಂಘದಲ್ಲಿ ಮಾರ್ಕ್ ಟ್ವೇನ್ ಇದ್ದ, ತತ್ವಜ್ಞಾನಿ ವಿಲಿಯಂ ಜೇಮ್ಸ್ ಇದ್ದ, ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯೂ ಇದ್ದ. ಯುದ್ಧನೌಕೆಗಳಿಗೆ ತಗಡು ಮಾರಿದ ಉದ್ಯಮಿಯೇ ವಸಾಹತನ್ನು ವಿರೋಧಿಸಿದ್ದು, ಬಂಡವಾಳವೆಲ್ಲ ಒಂದೇ ಬಾಯಿಂದ ಮಾತಾಡುತ್ತಿತ್ತೆಂಬ ಎಣಿಕೆಗೆ ದೊಡ್ಡ ಪ್ರತಿಸಾಕ್ಷಿ. ಆದರೆ ಈ ವಿರೋಧಿಗಳಲ್ಲಿ ಎಲ್ಲರೂ ಫಿಲಿಪಿನೊಗಳ ಹಕ್ಕಿಗಾಗಿ ನಿಂತವರಲ್ಲ. ಸೌತ್ ಕ್ಯಾರೊಲಿನದ ಸೆನೆಟರ್ ಟಿಲ್ಮನ್‌ನಂಥವರಿಗೆ ಇನ್ನಷ್ಟು ಕಂದುಬಣ್ಣದವರು ದೇಶದೊಳಗೆ ಬರುವುದೇ ಬೇಡವಾಗಿತ್ತು. ವಸಾಹತು ಬೇಕೆಂದವರನ್ನೂ ಬೇಡವೆಂದವರನ್ನೂ ಜನಾಂಗದ್ವೇಷ ಒಟ್ಟಿಗೇ ಹಿಡಿದಿತ್ತು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಕೈಗಾರಿಕೆ ಬೆಳೆದ ದೇಶ ಸಾಮ್ರಾಜ್ಯವಾಗಲೇಬೇಕು ಎಂಬ ಅನಿವಾರ್ಯತೆಯ ವಾದ ಅಮೆರಿಕದ ಮಟ್ಟಿಗೆ ನಿಲ್ಲುವುದಿಲ್ಲ. ಕುಸಿತ ಭಯವನ್ನು ಹುಟ್ಟಿಸಿತು, ಉಕ್ಕು ಹಡಗುಗಳನ್ನು ಕೊಟ್ಟಿತು, ಸ್ಪೇನಿನ ದೌರ್ಬಲ್ಯ ಅವಕಾಶವನ್ನು ತೆರೆಯಿತು, ಜನಾಂಗದ ಹಮ್ಮು ಆತ್ಮಸಾಕ್ಷಿಯನ್ನು ಮಲಗಿಸಿತು. ಇವೆಲ್ಲ ಇದ್ದೂ ಬೇರೆ ನಿರ್ಧಾರ ಸಾಧ್ಯವಿತ್ತು. ಕ್ಲೀವ್‌ಲ್ಯಾಂಡ್ 1893ರಲ್ಲಿ ಅಂಥ ನಿರ್ಧಾರ ಮಾಡಿ ತೋರಿಸಿದ್ದ. ಮಾಡಿದವರ ಹೆಸರು, ದಿನಾಂಕ, ಸಹಿ ಎಲ್ಲವೂ ಕಡತಗಳಲ್ಲಿರುವಾಗ ಹೊಣೆಯನ್ನು ಇತಿಹಾಸದ ನಿಯಮದ ಮೇಲೆ ಹೊರಿಸುವುದು ನ್ಯಾಯವಲ್ಲ.

ಲಾಭದ ಲೆಕ್ಕವೂ ನಿರೀಕ್ಷಿಸಿದಂತೆ ಬರಲಿಲ್ಲ. ಚೀನಾದ ಮಹಾ ಮಾರುಕಟ್ಟೆ ಆ ತಲೆಮಾರಿಗೆ ದಕ್ಕಲೇ ಇಲ್ಲ. ಫಿಲಿಪ್ಪೀನ್ಸಿನಿಂದ ಸುಂಕವಿಲ್ಲದೆ ಬರುತ್ತಿದ್ದ ಸಕ್ಕರೆ ಅಮೆರಿಕದ ಬೀಟ್ ಬೆಳೆಗಾರರಿಗೆ, ಕೊಬ್ಬರಿ ಎಣ್ಣೆ ಹೈನುಗಾರರಿಗೆ ಹೊರೆಯೆನಿಸಿತು. ಅಲ್ಲಿಂದ ಬರುವ ಕೂಲಿಗಳನ್ನು ಕ್ಯಾಲಿಫೋರ್ನಿಯ ಸಹಿಸಲಿಲ್ಲ. ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯದ ವಾಯಿದೆ ಗೊತ್ತುಮಾಡಿದ 1934ರ ಕಾಯ್ದೆಯ ಹಿಂದೆ ಫಿಲಿಪಿನೊ ನಾಯಕರ ದಶಕಗಳ ಒತ್ತಾಯದ ಜೊತೆಗೆ ಈ ಗುಂಪುಗಳ ಒತ್ತಡವೂ ಇತ್ತು. ಅದೇ ಕಾಯ್ದೆ ಅಲ್ಲಿನ ವಲಸಿಗರಿಗೆ ವರ್ಷಕ್ಕೆ 50ರ ಮಿತಿ ಹಾಕಿತು. ಸ್ವಾತಂತ್ರ್ಯ ಬಂದದ್ದು 1946ರ ಜುಲೈ 4ರಂದು.

ಪೋರ್ಟೊರಿಕೊಗೆ ಅದೂ ಬರಲಿಲ್ಲ. ಅಲ್ಲಿಂದ ನ್ಯೂಯಾರ್ಕಿಗೆ ಬಂದ ಕಿತ್ತಳೆ ಹಣ್ಣಿಗೆ ಸುಂಕ ಹಾಕಿದ್ದನ್ನು ವ್ಯಾಪಾರಿಯೊಬ್ಬ ಪ್ರಶ್ನಿಸಿದಾಗ, 1901ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪು ನೀಡಿ, ಆ ದ್ವೀಪ ಅಮೆರಿಕದ ಸ್ವತ್ತು, ಆದರೆ ಸಂವಿಧಾನ ಅಲ್ಲಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ ಎಂದಿತು. ಆ ತೀರ್ಪಿನ ಮುಖ್ಯ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಹೆನ್ರಿ ಬಿಲ್ಲಿಂಗ್ಸ್ ಬ್ರೌನ್, 1896ರಲ್ಲಿ ಕರಿಯರಿಗೆ ಪ್ರತ್ಯೇಕ ರೈಲು ಡಬ್ಬಿ ಸರಿಯೆಂದು ತೀರ್ಪು ಬರೆದವನೇ. ರೈಲು ಡಬ್ಬಿಯ ತೀರ್ಪು 1954ರಿಂದ ಬಲ ಕಳೆದುಕೊಂಡಿತು. ಕಿತ್ತಳೆಯ ತೀರ್ಪನ್ನು ತಳ್ಳಿಹಾಕಬೇಕೆಂದು 2022ರಲ್ಲಿ ನ್ಯಾಯಮೂರ್ತಿ ನೀಲ್ ಗೋರ್ಸಚ್ ಬರೆದರೂ ನ್ಯಾಯಾಲಯ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಮೂವತ್ತು ಲಕ್ಷಕ್ಕೂ ಹೆಚ್ಚು ಪೋರ್ಟೊರಿಕನ್ನರು 1917ರಿಂದ ಅಮೆರಿಕದ ಪ್ರಜೆಗಳು. ದ್ವೀಪದಲ್ಲಿ ವಾಸವಾಗಿರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ, ಕಾಂಗ್ರೆಸ್ಸಿನಲ್ಲಿ ಅವರ ಪ್ರತಿನಿಧಿ ಮಸೂದೆಗಳ ಅಂತಿಮ ಮತದಾನದಲ್ಲಿ ಕೈಯೆತ್ತುವಂತಿಲ್ಲ.